ಡಾಕ್ಟರ್ ಹೂ: ಮಗಳು ಹೊಸ ಡಾಕ್ಟರನ್ನು ಒಪ್ಪುತ್ತಿಲ್ಲ, ಏನು ಮಾಡಲಿ?

ಕಂಪ್ಲಿ ಕಾಲುವೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎಂಟನೇ ಕ್ಲಾಸು. ಬೇಸಿಗೆ ರಜೆ ಶುರುವಾದಾಗಿನಿಂದ ರಾತ್ರಿ ಊಟ ಮುಗಿಸಿ ಇಬ್ಬರೂ ಡಾಕ್ಟರ್ ಹೂ ನೋಡುತ್ತಿದ್ದೇವೆ. ಗೊತ್ತಿಲ್ಲದವರಿಗೆ: ಇದು ಬಿಬಿಸಿಯ ಟಿವಿ ಧಾರಾವಾಹಿ. ಬೇರೆ ಲೋಕದ ‘ಡಾಕ್ಟರ್’ ನೀಲಿ ಪೆಟ್ಟಿಗೆಯಲ್ಲಿ ಕೂತು ಕಾಲ ದಾಟಿ ಓಡಾಡುತ್ತಾನೆ, ಸಾಯುವ ಹೊತ್ತಿಗೆ ಮುಖ ಬದಲಿಸಿ ಬೇರೆ ನಟನಾಗಿ ಮುಂದುವರಿಯುತ್ತಾನೆ. ನಮ್ಮ ಕಡೆ ರಾತ್ರಿ ಹತ್ತಾದರೂ ಗೋಡೆ ಕಾದೇ ಇರುತ್ತದೆ. ಹಾಗಾಗಿ ಅಂಗಳದಲ್ಲಿ ಮಂಚ, ಎದುರಿಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. 2005ರಲ್ಲಿ ಮತ್ತೆ ಶುರುವಾದಾಗಿನ ಮೊದಲ ಕಂತಿನಿಂದ ಒಂದೂ ಬಿಡದೆ ನೋಡಿಕೊಂಡು ಬಂದೆವು.

ಮೊನ್ನೆ ಡೇವಿಡ್ ಟೆನಂಟ್ ಅವರ ಕೊನೆಯ ಕಂತು ಬಂತು. 2010ರ ಜನವರಿ 1ರಂದು ಪ್ರಸಾರವಾದದ್ದು. ಡಾಕ್ಟರ್ ಒಬ್ಬನೇ ನಿಂತು ‘ನನಗೆ ಹೋಗೋಕೆ ಮನಸ್ಸಿಲ್ಲ’ ಅನ್ನುತ್ತಾನೆ. ಮೈಯೆಲ್ಲಾ ಬೆಳಕಾಗುತ್ತದೆ. ಮುಖ ಬದಲಾಗಿ ಮ್ಯಾಟ್ ಸ್ಮಿತ್ ನಿಂತಿರುತ್ತಾರೆ. ಮಗಳು ಎದ್ದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ‘ಅಪ್ಪಾ, ಇವನು ಡಾಕ್ಟರ್ ಅಲ್ಲ. ನಾನು ನೋಡಲ್ಲ’ ಅಂದಳು. ನಾಲ್ಕು ದಿನವಾಯಿತು, ಮಾತೇ ಎತ್ತುತ್ತಿಲ್ಲ.

ಸುಮ್ನೆ ಹಠ ಅಂತ ನನಗೆ ಅನಿಸುತ್ತಿಲ್ಲ. ಅವಳಿಗೆ ನಿಜವಾಗಿ ನೋವಾಗಿದೆ. ನಟ ಬದಲಾಗಿದ್ದಾನೆ, ಹಿಂದಿನ ಜೊತೆಗಾರರು ಇಲ್ಲ, ಬರೆಸುವ ಮುಖ್ಯಸ್ಥನೂ ಬೇರೆ. ಎಲ್ಲಾ ಒಂದೇ ಸಲ ಬದಲಾಗಿರುವಾಗ ಅದೇ ಕಥೆ ಅಂತ ಮಗು ಯಾಕೆ ನಂಬಬೇಕು? ಇಲ್ಲಿ ಹಳೆಯ ಕಾಲದಿಂದ ನೋಡಿದವರು ಇದ್ದೀರಿ. ನೀವೆಲ್ಲ ಈ ಬದಲಾವಣೆ ಹೇಗೆ ದಾಟಿದಿರಿ, ಹೇಳಿ.

ಗಂಗಾವತಿ ಭತ್ತ

ಅಣ್ಣಾ, ಒತ್ತಾಯ ಮಾಡಬೇಡಿ. ನನಗೆ ಟೆನಂಟ್‌ಗಿಂತ ಮುಂಚಿನ ಡಾಕ್ಟರ್ ಕ್ರಿಸ್ಟೋಫರ್ ಎಕಲ್‌ಸ್ಟನ್ ಹೋದಾಗಲೇ ಹೀಗಾಗಿತ್ತು. ಅವರು ಮಾಡಿದ್ದು ಬರೀ 13 ಕಂತು. ಈಗಷ್ಟೇ ಹೊಂದಿಕೊಂಡಿದ್ದೆ, ಅಷ್ಟರಲ್ಲಿ ಹೋಗಿಯೇ ಬಿಟ್ಟರು. ಮೂರು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದೆ.

ಕೌಲ್ ಬಜಾರ್

ಸರ್, ನಿಮ್ಮ ಮಗಳ ಪ್ರಶ್ನೆಗೆ ಸುಮಾರು 60 ವರ್ಷ ವಯಸ್ಸು. ಮೊದಲು ಕೇಳಿದವನು ಆ ಧಾರಾವಾಹಿಯ ಒಳಗೇ ಇದ್ದ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಬಿಬಿಸಿಯಲ್ಲಿ ಇದು ಶುರುವಾದದ್ದು 1963ರ ನವೆಂಬರ್ 23ರಂದು. ಹಿಂದಿನ ದಿನ ಅಮೆರಿಕದಲ್ಲಿ ಕೆನಡಿ ಹತ್ಯೆಯಾಗಿತ್ತು. ಜನರ ಮನಸ್ಸು ಅಲ್ಲಿತ್ತು. ಅದಕ್ಕೇ ಮುಂದಿನ ವಾರ ಎರಡನೇ ಕಂತಿಗೆ ಮುಂಚೆ ಮೊದಲನೆಯದನ್ನು ಮತ್ತೆ ಹಾಕಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು, ಆಗ 24 ವರ್ಷ. ಇದನ್ನು ನಮ್ಮ ಕಡೆ ಜಾಸ್ತಿ ಜನ ಹೇಳಿಕೊಳ್ಳುವುದಿಲ್ಲ. ನನಗೆ ಮಾತ್ರ ಹೇಳುವಾಗೆಲ್ಲ ಖುಷಿ.

ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್. ಮೂರು ವರ್ಷಕ್ಕೆ ಅವರ ಆರೋಗ್ಯ ಕೆಟ್ಟಿತು. ಧಾರಾವಾಹಿ ನಿಲ್ಲಿಸುವ ಮನಸ್ಸು ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅವರ ಹೋಲಿಕೆಯ ಇನ್ನೊಬ್ಬ ಮುದುಕನನ್ನು ತಂದು ಅದೇ ಕೋಟು ಹಾಕಿ ನಿಲ್ಲಿಸುತ್ತಿದ್ದರು. ನಮ್ಮ ಧಾರಾವಾಹಿಗಳಲ್ಲಿ ಈಗಲೂ ಮಾಡುತ್ತಾರಲ್ಲ, ‘ಇನ್ನು ಮುಂದೆ ಈ ಪಾತ್ರದಲ್ಲಿ ಇವರು’ ಅಂತ ಒಂದು ಸಾಲು ಬರುತ್ತದೆ, ಮುಗಿಯಿತು. ಇವರು ಹಾಗೆ ಮಾಡಲಿಲ್ಲ. 1966ರ ಅಕ್ಟೋಬರ್ 29ರ ಕಂತಿನಲ್ಲಿ ಮುದುಕ ನೆಲಕ್ಕೆ ಬೀಳುತ್ತಾನೆ. ಮುಖ ಕರಗಿ ಇನ್ನೊಂದು ಮುಖವಾಗುತ್ತದೆ. ಪ್ಯಾಟ್ರಿಕ್ ಟ್ರೌಟನ್. ಕುಳ್ಳ, ಕೊಳಲು ಊದುವವನು, ನಗಿಸುವವನು. ಹೋಲಿಕೆಯೇ ಇಲ್ಲ. ಬದಲಾದದ್ದನ್ನು ಮುಚ್ಚಿಡದೆ ಕಥೆಯ ನಡುವೆ ತಂದು ಇಟ್ಟರು.

ನಿಮಗೆ ಬೇಕಾದದ್ದು ಮುಂದಿನ ಕಥೆಯಲ್ಲಿದೆ. ಡಾಕ್ಟರ್ ಜೊತೆ ಪಾಲಿ ಅಂತ ಹುಡುಗಿ, ಬೆನ್ ಅಂತ ಹುಡುಗ. ಪಾಲಿ ನಂಬುತ್ತಾಳೆ. ಬೆನ್ ನಂಬುವುದಿಲ್ಲ. ‘ನೀನು ಯಾರೋ ವೇಷ ಹಾಕಿಕೊಂಡು ಬಂದಿದ್ದೀಯ’ ಅನ್ನುವ ಹಾಗೆ ಕಂತುಗಟ್ಟಲೆ ಅನುಮಾನ ಪಡುತ್ತಾನೆ. ಕೊನೆಗೆ ಅವನಿಗೆ ನಂಬಿಕೆ ಬರುವುದು ಹೇಗೆ ಗೊತ್ತಾ? ಡಾಕ್ಟರ್‌ನ ಹಳೇ ವೈರಿ ಡಾಲೆಕ್ ಅವನನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತದೆ. ಗೆಳೆಯನಿಗೆ ಗುರುತು ಸಿಗಲಿಲ್ಲ, ಶತ್ರುವಿಗೆ ಸಿಕ್ಕಿತು. ಇದನ್ನು ಬರೆದವರಿಗೆ ನಾನು ಕೈ ಮುಗಿಯುತ್ತೇನೆ.

ಆಗ ಇದಕ್ಕೆ ‘ರೀಜನರೇಷನ್’ ಎಂಬ ಹೆಸರೂ ಇರಲಿಲ್ಲ. ಆ ಪದ ಬಂದದ್ದು 1974ರಲ್ಲಿ.

ಕಂಪ್ಲಿ ಕಾಲುವೆ

ಸರ್, ನಿಮ್ಮ ಬರಹವನ್ನು ನಮ್ಮ ಅಪ್ಪನಿಗೆ ಓದಿ ಹೇಳಿದೆ. ಅವರಿಗೆ 78. ನಲವತ್ತು ವರ್ಷ ಹಳ್ಳಿಹಳ್ಳಿ ಸುತ್ತಿ ದೊಡ್ಡಾಟ ಕಲಿಸಿದ ಮಾಸ್ತರರು. ಇಂಗ್ಲಿಷ್ ಬರುವುದಿಲ್ಲ, ಟಿವಿಯೂ ಅಷ್ಟಕ್ಕಷ್ಟೆ. ಬೆನ್ ಕಥೆ ಕೇಳಿ ಒಂದೇ ಮಾತು ಅಂದರು: ‘ಅವನು ಸಾರಥಿ ಕಣೋ.’

ನನಗೆ ಮೈ ಜುಮ್ಮೆಂದಿತು.

ದೊಡ್ಡಾಟ ನೋಡದವರಿಗೆ ಹೇಳುತ್ತೇನೆ. ನಮ್ಮಲ್ಲಿ ಯಾವ ಪಾತ್ರವೂ ರಂಗಕ್ಕೆ ಬಂದು ನೇರ ಕಥೆ ಶುರು ಮಾಡುವುದಿಲ್ಲ. ಭೀಮ ಬರಲಿ, ದುರ್ಯೋಧನ ಬರಲಿ, ಕಿರೀಟ ಭುಜಕೀರ್ತಿ ಕಟ್ಟಿ ಗೆಜ್ಜೆ ಕುಣಿಸುತ್ತಾ ಬಂದವನನ್ನು ಸಾರಥಿ ತಡೆದು ಕೇಳುತ್ತಾನೆ. ತಾವು ಯಾರು? ಯಾವ ಪಟ್ಟಣದವರು? ತಮ್ಮ ಹೆಸರೇನು? ಮುಂದೆ ಕೂತವರಿಗೆಲ್ಲ ಅವನು ದುರ್ಯೋಧನ ಅಂತ ಗೊತ್ತಿರುತ್ತದೆ. ಮಧ್ಯಾಹ್ನ ಹೊಲದಲ್ಲಿ ಅವನ ಜೊತೆ ಬುತ್ತಿ ಬಿಚ್ಚಿದವರೂ ಅಲ್ಲೇ ಕೂತಿರುತ್ತಾರೆ. ಆದರೂ ಕೇಳಬೇಕು. ಅವನು ತನ್ನ ಬಾಯಿಂದ ತಾನು ಯಾರು ಅಂತ ಹೇಳಬೇಕು. ಆ ಮಾತು ಮುಗಿದ ಮೇಲೆ ಅವನು ಮೇಲಿನ ಓಣಿಯವನಲ್ಲ, ಹಸ್ತಿನಾಪುರದವನು.

ಅಪ್ಪ ಹೇಳಿದರು, ಹೋದ ವರ್ಷದ ದುರ್ಯೋಧನ ತೀರಿಹೋಗಿ ಈ ವರ್ಷ ಅವನ ತಮ್ಮ ಗದೆ ಹಿಡಿದರೂ ಜನ ಒಪ್ಪುವುದು ಸಾರಥಿಯಿಂದಲೇ. ಊರಿನವರ ಮನಸ್ಸಿನ ಪ್ರಶ್ನೆಯನ್ನು ಅವನು ಎಲ್ಲರ ಪರವಾಗಿ ಗಟ್ಟಿಯಾಗಿ ಕೇಳಿಬಿಡುತ್ತಾನೆ. ಕೇಳದೆ ಬಿಟ್ಟರೆ ಅದು ಜನರ ಹೊಟ್ಟೆಯಲ್ಲೇ ಉಳಿಯುತ್ತದೆ.

ಈ ಧಾರಾವಾಹಿಯ ಹೆಸರು ನೋಡಿ. ಡಾಕ್ಟರ್ ಹೂ. ಡಾಕ್ಟರ್ ಯಾರು? ಹೆಸರೇ ಸಾರಥಿಯ ಪ್ರಶ್ನೆ! ಇಷ್ಟು ವರ್ಷ ನೋಡಿದೆ, ಇದು ಹೊಳೆದಿರಲಿಲ್ಲ.

ನೆನಪು ಮಾಡಿಕೊಂಡೆ. ಟೆನಂಟ್ ಬಂದಾಗ 2005ರ ಕ್ರಿಸ್‌ಮಸ್ ಕಂತಿನಲ್ಲಿ ಹೊಸ ಡಾಕ್ಟರ್ ಬಹುಪಾಲು ಹೊತ್ತು ಹಾಸಿಗೆಯಲ್ಲೇ ಮಲಗಿರುತ್ತಾನೆ. ಜೊತೆಗಾತಿ ರೋಸ್ ಹಳೆಯವನನ್ನು ನೆನೆದು ಅಳುತ್ತಾಳೆ. ನಾವೂ ಅವಳ ಜೊತೆ ಅತ್ತು ಮುಗಿಸಿದ ಮೇಲೆ, ಚೆಲ್ಲಿದ ಚಹಾದ ಹಬೆ ಕುಡಿದು ಅವನು ಏಳುತ್ತಾನೆ. ಅಷ್ಟರಲ್ಲಿ ‘ಎದ್ದೇಳಪ್ಪಾ’ ಅಂತ ನಾವೇ ಅನ್ನುತ್ತಿರುತ್ತೇವೆ. ಮಗಳು ಅವತ್ತು ಒಪ್ಪಿದ್ದು ಹೀಗೆ. ಅಳುವುದಕ್ಕೆ ಅವಳಿಗೆ ಜೊತೆ ಸಿಕ್ಕಿತ್ತು.

ಗಂಗಾವತಿ ಭತ್ತ

ಅಣ್ಣಾ, ಅಪ್ಪಾಜಿಯವರಿಗೆ ನನ್ನ ನಮಸ್ಕಾರ ತಿಳಿಸಿ. 2014ರ ಕಂತು ನೆನಪಾಯಿತು. ಮ್ಯಾಟ್ ಸ್ಮಿತ್ ಹೋಗಿ ಪೀಟರ್ ಕಪಾಲ್ಡಿ ಬಂದರು. ತರುಣ ಹೋಗಿ ನರೆಗೂದಲಿನವನು ಬಂದ. ಕ್ಲಾರಾ ಅನ್ನುವ ಜೊತೆಗಾತಿಗೆ ಅವನನ್ನು ಒಪ್ಪಲು ಆಗುತ್ತಿಲ್ಲ. ಆಗ ಅವಳ ಫೋನ್ ಬಡಿಯುತ್ತದೆ. ಮಾಡಿದವನು ಹಳೇ ಡಾಕ್ಟರ್, ಸಾಯುವ ಮುಂಚೆ. ಅವನಿಗೆ ನಿನಗಿಂತ ಜಾಸ್ತಿ ಭಯವಾಗಿರುತ್ತದೆ, ಅವನ ಕೈ ಬಿಡಬೇಡ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಪಕ್ಕದಲ್ಲೇ ನಿಂತ ಹೊಸಬ ಕೇಳುತ್ತಾನೆ, ನನ್ನನ್ನು ನೋಡಿದರೂ ನಿನಗೆ ನಾನು ಕಾಣುತ್ತಿಲ್ಲವಾ ಅಂತ. ಮಿಲ್ಲಿನ ಆಫೀಸಿನಲ್ಲಿ ಕೂತು ಮೊಬೈಲ್‌ನಲ್ಲಿ ನೋಡಿದ್ದೆ. ಹೊರಗೆ ಲಾರಿ ಕಾಯುತ್ತಿತ್ತು, ಎದ್ದು ಹೋಗಲು ಆಗಲಿಲ್ಲ.

ಕಿನ್ನಾಳ ಬಣ್ಣ

ಅಣ್ಣಾವ್ರೇ, ಸಾರಥಿ ಮಾತು ಬಹಳ ಚಂದ ಇದೆ. ಆದರೆ ಬರೀ ಅದರಿಂದ ಆಟ ನಿಲ್ಲುವುದಿಲ್ಲ. ನನಗೆ 1984 ನೆನಪಾಗುತ್ತದೆ.

ಕಾಲಿನ್ ಬೇಕರ್ ಆರನೇ ಡಾಕ್ಟರ್ ಆಗಿ ಬಂದ ಮೊದಲ ಕಥೆ ನೋಡಿ. ಪೆರಿ ಅನ್ನುವ ಹುಡುಗಿ ಎದುರಿಗೇ ಇದ್ದಾಳೆ, ನಿಮ್ಮ ಲೆಕ್ಕದಲ್ಲಿ ಸಾರಥಿ. ಹೊಸ ಡಾಕ್ಟರ್ ತಲೆ ಕೆಟ್ಟು ಅವಳ ಕುತ್ತಿಗೆಯನ್ನೇ ಹಿಸುಕುತ್ತಾನೆ. ಪ್ರಶ್ನೆ ಕೇಳಬೇಕಾದವಳು ಹೆದರಿ ನಿಂತರೆ ನೋಡುವವರ ಪರವಾಗಿ ಕೇಳುವವರು ಯಾರು? ಇನ್ನೊಂದು ತಪ್ಪು, ಅದು ಆ ಸೀಸನ್‌ನ ಕೊನೆಯ ಕಥೆ. ಮಾರ್ಚ್‌ನಲ್ಲಿ ಮುಗಿಯಿತು. ಮುಂದಿನದು ಬಂದದ್ದು 1985ರ ಜನವರಿಗೆ. ಅಷ್ಟೂ ತಿಂಗಳು ಜನರ ಕಣ್ಣಲ್ಲಿ ಉಳಿದದ್ದು ಆ ಕುತ್ತಿಗೆ ಹಿಸುಕಿದ ಕೈ.

ಅವನ ಕೋಟಿನ ಬಗ್ಗೆ ಹೇಳದೆ ಇರಲಾರೆ. ನಮ್ಮ ಮನೆಯಲ್ಲಿ ಗೊಂಬೆಗೆ ಬಣ್ಣ ಹಾಕುವ ಕೆಲಸ. ಕೆಂಪು, ಹಳದಿ, ಹಸಿರು ನಮಗೆ ಹೊಸದಲ್ಲ. ಆದರೆ ನಾವು ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಗೆರೆ ಎಳೆಯುತ್ತೇವೆ, ಕಣ್ಣಿಗೆ ನಿಲ್ಲಲು ಜಾಗ ಸಿಗುತ್ತದೆ. ಆ ಕೋಟು ಬೇಕೆಂದೇ ಒಂದಕ್ಕೊಂದು ಹೊಂದದ ತುಂಡುಗಳನ್ನು ಸೇರಿಸಿ ಹೊಲಿದದ್ದು. ಅದನ್ನು ಹಾಕಿಕೊಂಡು ಯಾರು ನಿಂತರೂ ಮುಖ ಕಾಣುವುದಿಲ್ಲ. ಕಾಲಿನ್ ಬೇಕರ್ ಒಳ್ಳೆಯ ನಟರು. ಮುಂದೆ ಧ್ವನಿ ನಾಟಕಗಳಲ್ಲಿ ಅದೇ ಪಾತ್ರ ಮಾಡಿದಾಗ ಎಷ್ಟು ಚಂದ ಮಾಡಿದರು! ಅಲ್ಲಿ ಕೋಟು ಇರಲಿಲ್ಲ.

ಕೊನೆಗೆ ಅವರನ್ನು 1986ರಲ್ಲಿ ತೆಗೆದುಹಾಕಿದರು. ಮುಖ ಬದಲಾಗುವ ದೃಶ್ಯಕ್ಕೆ ಬರಲು ಅವರು ಒಪ್ಪಲಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ಹೊಸಬರಾದ ಸಿಲ್ವೆಸ್ಟರ್ ಮೆಕಾಯ್ ಅವರೇ ಆ ಕೋಟು ತೊಟ್ಟು, ತಲೆಗೆ ವಿಗ್ ಹಾಕಿಕೊಂಡು, ನೆಲಕ್ಕೆ ಮುಖ ಮಾಡಿ ಮಲಗಿದರು. ಹೋಗುವವನಿಗೆ ಮರ್ಯಾದೆಯಿಂದ ಹೋಗಲು ಬಿಡಬೇಕು. ಇಲ್ಲದಿದ್ದರೆ ಬರುವವನಿಗೂ ಅದು ಒಳ್ಳೆಯದಲ್ಲ. 1989ರ ಡಿಸೆಂಬರ್‌ಗೆ ಆಟವೇ ನಿಂತಿತು.

ಶಿಫ್ಟ್ ಡ್ಯೂಟಿ

ನಾನು ಶಕ್ತಿನಗರದಲ್ಲಿ ಕರೆಂಟು ತಯಾರಿಸುವ ಕಡೆ ಕೆಲಸ ಮಾಡುತ್ತೇನೆ. ನೀವೆಲ್ಲ ಡಾಕ್ಟರ್ ಮುಖದ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಕಾಣುವುದು ಪರದೆ ಹಿಂದಿನ ಶಿಫ್ಟ್ ಬದಲಾವಣೆ.

ನಮ್ಮಲ್ಲಿ ರಾತ್ರಿ ಪಾಳಿಯವರು ಬಂದ ಕೂಡಲೇ ಹಗಲಿನವರು ಎದ್ದು ಹೋಗುವ ಹಾಗಿಲ್ಲ. ಯಾವ ಪಂಪ್ ಓಡುತ್ತಿದೆ, ಯಾವುದು ಸದ್ದು ಮಾಡುತ್ತಿದೆ, ಯಾವುದನ್ನು ಮುಟ್ಟಬಾರದು, ಎಲ್ಲಾ ಲಾಗ್ ಬುಕ್ಕಿನಲ್ಲಿ ಬರೆದು, ಬಾಯಲ್ಲೂ ಹೇಳಿ ಹೋಗಬೇಕು. ಬರೆಸುವ ಮುಖ್ಯಸ್ಥನ ಜವಾಬ್ದಾರಿ ರಸಲ್ ಟಿ ಡೇವಿಸ್ ಅವರಿಂದ ಸ್ಟೀವನ್ ಮೊಫಾಟ್ ಅವರಿಗೆ 2010ರಲ್ಲಿ ಬಂದದ್ದು ಹೀಗೆ. ಮೊಫಾಟ್ ಹೊರಗಿನವರಲ್ಲ. ಡೇವಿಸ್ ಅವರ ನಾಲ್ಕೂ ಸೀಸನ್‌ಗಳಿಗೆ ಕಥೆ ಬರೆದಿದ್ದರು. ಕಣ್ಣು ಮಿಟುಕಿಸಿದರೆ ಹತ್ತಿರ ಬರುವ ಕಲ್ಲಿನ ದೇವತೆಗಳ ಕಂತು ನಿಮ್ಮ ಮಗಳು ನೋಡಿರಬೇಕಲ್ಲ? ಅದು ಅವರದ್ದೇ, 2007ರದ್ದು. ಹೊಸ ಮುಖ್ಯಸ್ಥರ ಕಥೆಗೆ ಅವಳು ಆಗಲೇ ಹೆದರಿದ್ದಾಳೆ ಅಂತ ಅವಳಿಗೆ ಹೇಳಿ.

1989ರಲ್ಲಿ ಮುಂದಿನ ಪಾಳಿಯೇ ಬರಲಿಲ್ಲ. ಆದರೂ ಪುಸ್ತಕ ಮುಚ್ಚಲಿಲ್ಲ. ಅಭಿಮಾನಿಗಳು ಕಾದಂಬರಿ ಬರೆದರು, 1999ರಿಂದ ಧ್ವನಿ ನಾಟಕ ಮಾಡಿದರು. 2005ರಲ್ಲಿ ಮತ್ತೆ ಸ್ವಿಚ್ ಹಾಕಿದ ಡೇವಿಸ್ ಅವರೂ ಚಿಕ್ಕಂದಿನಿಂದ ನೋಡಿ ಬೆಳೆದವರು, ನಡುವೆ ಒಂದು ಕಾದಂಬರಿಯನ್ನೂ ಬರೆದವರು. ಮಿಷನ್ ನಿಂತಿತ್ತು, ಆಪರೇಟರ್‌ಗಳು ಮನೆಗೆ ಹೋಗಿರಲಿಲ್ಲ.

ಇನ್ನೊಂದು ಸಂಕಟದ ವಿಷಯ. ಕೌಲ್ ಬಜಾರ್ ಸರ್ ಹೇಳಿದ 1966ರ ಆ ಮುಖ ಬದಲಾವಣೆಯ ಕಂತು ಕಳೆದುಹೋಗಿದೆ. ಆಗ ವಿಡಿಯೋ ಟೇಪ್ ದುಬಾರಿ. ಬಿಬಿಸಿಯವರು ಹಳೆಯದನ್ನು ಅಳಿಸಿ ಮೇಲೆ ಹೊಸದು ತುಂಬುತ್ತಿದ್ದರು. ಮುಖ ಬದಲಾಗುವ ತುಣುಕು ಮಾತ್ರ ಉಳಿದದ್ದು, ಮಕ್ಕಳ ಇನ್ನೊಂದು ಕಾರ್ಯಕ್ರಮದಲ್ಲಿ ಅದನ್ನು ತೋರಿಸಿದ್ದರಿಂದ. ಬೆನ್ ಅನುಮಾನ ಪಡುವ ಕಥೆಯ ಆರೂ ಕಂತುಗಳಿಗೆ ಅದೇ ಗತಿ. ಆದರೆ ಧ್ವನಿ ಎಲ್ಲಾ ಇದೆ. ಮನೆಗಳಲ್ಲಿ ಮಕ್ಕಳು ಟಿವಿ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತಿದ್ದರು. 2013ರಲ್ಲಿ ನೈಜೀರಿಯಾದ ಒಂದು ಪ್ರಸಾರ ಕೇಂದ್ರದಲ್ಲಿ ಒಂಬತ್ತು ಕಂತುಗಳು ಸಿಕ್ಕವು ಅಂತ ಸುದ್ದಿ ಬಂದಾಗ ನಾನು ರಾತ್ರಿ ಪಾಳಿಯಲ್ಲಿದ್ದೆ. ಯಾರಿಗೆ ಹೇಳಲಿ ಅಂತ ಗೊತ್ತಾಗದೆ ಒಬ್ಬನೇ ನಕ್ಕೆ.

ಕಂಪ್ಲಿ ಕಾಲುವೆ

ಅಪ್ಪನ ಪೆಟ್ಟಿಗೆಯಲ್ಲಿ ಕೈಬರಹದ ಆಟದ ಪುಸ್ತಕಗಳಿವೆ. ಎರಡಕ್ಕೆ ಗೆದ್ದಲು ಹಿಡಿಯಿತು. ಅವರ ಗಂಟಲಲ್ಲಿ ಇನ್ನೂ ಆ ಹಾಡುಗಳಿವೆ. ನಾಳೆಯೇ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ, ಅಣ್ಣಾ.

ಒಂದು ಮಾತು ಕೇಳಬೇಕಿತ್ತು. ಮೊಫಾಟ್ ಆದ ಮೇಲೆ ಮುಖ್ಯಸ್ಥರಾದ ಕ್ರಿಸ್ ಚಿಬ್ನಲ್ 2020ರಲ್ಲಿ ಮಾಡಿದ ಬದಲಾವಣೆ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಮುಂದಿನದು ಬದಲಾಗಲಿ, ಬೇಡ ಅನ್ನುವುದಿಲ್ಲ. ಆದರೆ ಹಾರ್ಟ್‌ನೆಲ್‌ಗಿಂತ ಮುಂಚೆಯೇ ಡಾಕ್ಟರ್‌ಗೆ ಎಷ್ಟೋ ಜನ್ಮಗಳಿದ್ದವು, ಅವನು ತನ್ನದು ಅಂದುಕೊಂಡ ಲೋಕದಲ್ಲಿ ಹುಟ್ಟಿದವನೇ ಅಲ್ಲ, ಎಲ್ಲಿಂದಲೋ ಸಿಕ್ಕ ಮಗು ಅಂತ ಹಿಂದಿನದನ್ನೇ ತಿದ್ದಿದರು. ಅದನ್ನು ಹೇಳಿದ್ದಾದರೂ ಹೇಗೆ? ವೈರಿ ಮಾಸ್ಟರ್ ನಿಂತು ಉದ್ದಕ್ಕೆ ವಿವರಿಸುತ್ತಾನೆ, ಡಾಕ್ಟರ್ (ಆಗ ಹೆಣ್ಣಿನ ರೂಪ) ಕೇಳಿಸಿಕೊಳ್ಳುತ್ತಾಳೆ. ಜೊತೆಗಾರರು ಬೇರೆ ಕಡೆ ಓಡಾಡುತ್ತಿರುತ್ತಾರೆ. ಅಷ್ಟು ದೊಡ್ಡ ವಿಷಯಕ್ಕೆ ಪಕ್ಕದಲ್ಲಿ ನಿಂತು ‘ಹಾಗಾದರೆ ನೀನು ಯಾರು?’ ಅಂತ ಕೇಳಲು ಒಬ್ಬರೂ ಇಲ್ಲ.

ರಾಯಚೂರು ಬಿಸಿಲು

ಅಣ್ಣಾ, ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಆದರೆ ಇದಕ್ಕೆ ಉತ್ತರ ಕೊಡಲೇಬೇಕು.

ನನ್ನನ್ನು ಒಂದೂವರೆ ವರ್ಷದಲ್ಲಿ ಚಿಕ್ಕಮ್ಮನಿಗೆ ಕೊಟ್ಟರು. ಅವರಿಗೆ ಮಕ್ಕಳಿರಲಿಲ್ಲ. ಹದಿನಾರು ವರ್ಷದವರೆಗೆ ನನಗೆ ಹೇಳಿರಲಿಲ್ಲ. ಒಂದು ಮದುವೆ ಮನೆಯಲ್ಲಿ ಅಡುಗೆ ಕಟ್ಟೆ ಹತ್ತಿರ ಯಾರೋ ಮಾತಾಡುವಾಗ ಕಿವಿಗೆ ಬಿತ್ತು. ಪಕ್ಕದಲ್ಲಿ ನನ್ನ ಕೈ ಹಿಡಿಯಲು ಯಾರೂ ಇರಲಿಲ್ಲ. ಆ ಕಂತು ನೋಡಿದಾಗ ನನಗೆ ಉಸಿರು ಕಟ್ಟಿತು. ಇಂಥ ಸುದ್ದಿ ಗೆಳೆಯರ ನಡುವೆ ಕೂತಾಗ ಬರುವುದಿಲ್ಲ ಅಣ್ಣಾ. ಬೇಡದವರ ಬಾಯಿಂದಲೇ ಬರುತ್ತದೆ. ನಿಮಗೆ ತಪ್ಪು ಅನಿಸಿದ್ದೇ ನನಗೆ ನಿಜ ಅನಿಸಿದ್ದು. ಡಾಕ್ಟರ್ ಎದ್ದು ನಿಂತು, ಇದರಿಂದ ನಾನು ಕಡಿಮೆಯಾಗಲಿಲ್ಲ ಅನ್ನುವ ಹಾಗೆ ಉತ್ತರ ಕೊಡುತ್ತಾಳೆ. ಆ ಉತ್ತರಕ್ಕಾಗಿ ನಾನು ಎಷ್ಟೋ ವರ್ಷ ಕಾದಿದ್ದೆ.

ಆ ಕಾಲದ ಇನ್ನೊಂದು ಕಂತು ನೋಡದೆ ಬಿಡಬೇಡಿ. 2018ರ ನವೆಂಬರ್‌ನದ್ದು, ವಿನಯ್ ಪಟೇಲ್ ಬರೆದದ್ದು. ಜೊತೆಗಾತಿ ಯಾಸ್ಮಿನ್ ಖಾನ್ ತನ್ನ ಅಜ್ಜಿಯ ಹರೆಯ ನೋಡಲು 1947ರ ಪಂಜಾಬಿಗೆ ಹೋಗುತ್ತಾಳೆ. ಮುಸ್ಲಿಂ ಹುಡುಗಿ, ಹಿಂದೂ ಹುಡುಗ, ನಾಳೆ ಮದುವೆ, ಅಷ್ಟರಲ್ಲಿ ಹೊಲದ ನಡುವೆ ಗಡಿ ಬೀಳುತ್ತದೆ. ಡಾಕ್ಟರ್‌ಗೂ ಏನೂ ಮಾಡಲು ಆಗುವುದಿಲ್ಲ. ನಮ್ಮ ಅಜ್ಜಿಯ ತವರು ಸಿರುಗುಪ್ಪ ಕಡೆ, ಗಂಡನ ಮನೆ ಸಿಂಧನೂರು ಕಡೆ. ನಡುವೆ ತುಂಗಭದ್ರಾ. ಈ ದಂಡೆ ನಿಜಾಮರದ್ದು, ಆ ದಂಡೆ ಮದರಾಸಿನದ್ದು. 1948ರಲ್ಲಿ ಗಲಾಟೆ ಜಾಸ್ತಿಯಾದಾಗ ರಾತ್ರೋರಾತ್ರಿ ಹೊಳೆ ದಾಟಿ ತವರಿಗೆ ಹೋದದ್ದನ್ನು ಹೇಳುತ್ತಿದ್ದಳು. ನಾನು ಆ ಕಂತನ್ನು ಅಜ್ಜಿಗೆ ತೋರಿಸಬೇಕಿತ್ತು. ಅವಳು ಅಷ್ಟರಲ್ಲಿ ಹೋಗಿಬಿಟ್ಟಿದ್ದಳು. ಬರೆಯುವವರು ಬದಲಾಗಿರದಿದ್ದರೆ ಇಂಥ ಕಥೆ ಅಲ್ಲಿ ಬರುತ್ತಿತ್ತಾ, ಯೋಚನೆ ಮಾಡಿ.

ಕಂಪ್ಲಿ ಕಾಲುವೆ

ತಂಗೀ, ನಿನ್ನ ಮಾತು ಎರಡು ಸಲ ಓದಿದೆ. ಆ ಕಂತನ್ನು ಮತ್ತೆ ನೋಡುತ್ತೇನೆ. ಹಿಂದಿನದನ್ನು ತಿದ್ದಿದ್ದು ನನಗೆ ಇನ್ನೂ ಕಷ್ಟವೇ. ಆದರೆ ಕೇಳುವವರು ಪಕ್ಕದಲ್ಲಿ ಇಲ್ಲದ್ದು ಬರೆದವರ ಮರೆವು ಅಂದುಕೊಂಡಿದ್ದೆ. ಹಾಗಲ್ಲದೆ ಇರಬಹುದು ಅಂತ ಈಗ ಅನಿಸುತ್ತಿದೆ.

ಕೌಲ್ ಬಜಾರ್

ಹಿಂದಿನದನ್ನು ತಿದ್ದುವುದು ಚಿಬ್ನಲ್ ಅವರಿಂದ ಶುರುವಾದದ್ದಲ್ಲ. 1976ರಲ್ಲಿ ರಾಬರ್ಟ್ ಹೋಮ್ಸ್ ಬರೆದ ಒಂದು ಕಥೆಯಲ್ಲಿ ಡಾಕ್ಟರ್‌ನ ಊರು ಗ್ಯಾಲಿಫ್ರೇ ತೋರಿಸಿದರು. ಅಲ್ಲಿಯವರೆಗೆ ದೇವರ ಹಾಗಿದ್ದ ಕಾಲದೊಡೆಯರನ್ನು, ಅಂದರೆ ಡಾಕ್ಟರ್‌ನ ಕುಲದವರನ್ನು, ಮುದಿ ರಾಜಕಾರಣಿಗಳ ಹಾಗೆ ಮಾಡಿದ್ದಾರೆ ಅಂತ ಅವತ್ತಿನ ಅಭಿಮಾನಿಗಳು ಸಿಟ್ಟಾದರು. ಹನ್ನೆರಡು ಸಲ ಮಾತ್ರ ಮುಖ ಬದಲಿಸಬಹುದು ಅನ್ನುವ ನಿಯಮ ಬಂದದ್ದೂ ಅದರಲ್ಲೇ. ಇವತ್ತು ಆ ಕಥೆಯನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. 2013ರಲ್ಲಿ ಆ ಲೆಕ್ಕ ಮುಗಿದಾಗ ಹೊಸ ಜನ್ಮಗಳನ್ನು ಕೊಟ್ಟು ದಾಟಿಸಿದರು. ಇನ್ನೊಂದು ಕಡೆ, 1996ರ ಟಿವಿ ಸಿನಿಮಾದಲ್ಲಿ ಡಾಕ್ಟರ್ ತಾಯಿ ಕಡೆಯಿಂದ ಅರ್ಧ ಮನುಷ್ಯ ಅಂತ ಹೇಳಿದ್ದರು. ಅದನ್ನು ಆಮೇಲೆ ಯಾರೂ ಗಟ್ಟಿಯಾಗಿ ಎತ್ತಿಕೊಳ್ಳಲಿಲ್ಲ, ಹೆಚ್ಚುಕಡಿಮೆ ಬಿದ್ದುಹೋಯಿತು. 2020ರದ್ದು ಉಳಿಯುತ್ತದಾ ಬೀಳುತ್ತದಾ ಅಂತ ಇಪ್ಪತ್ತು ವರ್ಷ ಬಿಟ್ಟು ನೋಡೋಣ.

ಕಾಲುವೆ ಸರ್, ಮಗಳಿಗೆ ಮುಂದಿನ ಕಂತಿನ ಮೊದಲ ಹದಿನೈದು ನಿಮಿಷ ಮಾತ್ರ ತೋರಿಸಿ. ಅಪ್ಪಾಜಿಯವರನ್ನೂ ಕೂರಿಸಿ.

ಕಂಪ್ಲಿ ಕಾಲುವೆ

ನಿನ್ನೆ ರಾತ್ರಿ ನೋಡಿದೆವು.

ಮೊದಲು ಅಪ್ಪನೂ ನಾನೂ ಇಬ್ಬರೇ ಕೂತೆವು. ಮಗಳು ಒಳಗಿದ್ದಳು. ಅಪ್ಪನಿಗೆ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಏಳು ವರ್ಷದ ಹುಡುಗಿ ಅಮೀಲಿಯಾ, ಮನೆಯಲ್ಲಿ ಒಬ್ಬಳೇ. ಕೋಣೆಯ ಗೋಡೆಯಲ್ಲಿ ಹೆದರಿಸುವ ಬಿರುಕು. ಹಿತ್ತಲಲ್ಲಿ ನೀಲಿ ಪೆಟ್ಟಿಗೆ ಬೀಳುತ್ತದೆ, ಹರಿದ ಬಟ್ಟೆಯ ಡಾಕ್ಟರ್ ಹೊರಗೆ ಬರುತ್ತಾನೆ. ಹೊಸ ಬಾಯಿ, ಯಾವ ರುಚಿಯೂ ಹಿಡಿಸುತ್ತಿಲ್ಲ. ಸೇಬು ಕೊಟ್ಟರೆ ಉಗಿಯುತ್ತಾನೆ, ಮೊಸರು ಬೇಡ, ಬೀನ್ಸ್ ಬೇಡ, ಬೆಣ್ಣೆ ಬ್ರೆಡ್ಡನ್ನು ತಟ್ಟೆ ಸಮೇತ ಹೊರಗೆ ಎಸೆಯುತ್ತಾನೆ. ಕೊನೆಗೆ ಮೀನಿನ ತುಂಡನ್ನು ಕಸ್ಟರ್ಡಿನಲ್ಲಿ ಅದ್ದಿ ತಿನ್ನುತ್ತಾನೆ. ಅಪ್ಪ ನಕ್ಕು ನಕ್ಕು ಕೆಮ್ಮಿದರು. ಆ ಸದ್ದಿಗೆ ಮಗಳು ನೀರಿನ ಚೊಂಬು ಹಿಡಿದು ಹೊರಗೆ ಬಂದಳು. ನಿಂತಳು. ಆಮೇಲೆ ಮಂಚದ ತುದಿಯಲ್ಲಿ ಕೂತಳು.

ಐದು ನಿಮಿಷದಲ್ಲಿ ಬರುತ್ತೇನೆ ಅಂತ ಹೇಳಿ ಹೋದ ಡಾಕ್ಟರ್ ಬರುವುದು ಹನ್ನೆರಡು ವರ್ಷಕ್ಕೆ. ಪುಟ್ಟ ಹುಡುಗಿ ಸೂಟ್‌ಕೇಸ್ ಹಿಡಿದು ಹಿತ್ತಲಲ್ಲಿ ಕಾಯುವುದನ್ನು ನೋಡಿ ಮಗಳು ನನ್ನ ತೋಳು ಹಿಡಿದಳು. ಕೊನೆಯಲ್ಲಿ ಹಳೆಯ ಹತ್ತೂ ಮುಖಗಳು ಸಾಲಾಗಿ ಬಂದು, ಟೆನಂಟ್ ಮುಖದ ಹಿಂದಿನಿಂದ ಹೊಸಬ ಹೆಜ್ಜೆ ಇಟ್ಟು ಮುಂದೆ ಬರುತ್ತಾನಲ್ಲ, ಆಗ ಮೂವರೂ ಮಾತಾಡಲಿಲ್ಲ.

ಕಂತು ಮುಗಿದ ಮೇಲೆ ಅಪ್ಪ ತಮ್ಮ ಹಳೆಯ ಮಾಸ್ತರರ ಧ್ವನಿಯಲ್ಲಿ ಹೇಳಿದರು, ‘ಹುಡುಗ ಪರವಾಗಿಲ್ಲ. ಕೈ ಇನ್ನೂ ಕೂತಿಲ್ಲ. ಇನ್ನೆರಡು ಆಟ ಆಗಬೇಕು.’

ಮಗಳಿಗೆ ಸಿಟ್ಟು ಬಂತು. ‘ತಾತಾ, ಅವನು ಈಗಷ್ಟೇ ಹುಟ್ಟಿದ್ದಾನೆ. ಕೈ ಹೇಗೆ ಕೂರುತ್ತೆ? ನಿಮಗೆ ಡಾಕ್ಟರ್ ಬಗ್ಗೆ ಏನೂ ಗೊತ್ತಿಲ್ಲ’ ಅಂದಳು.